ಬಿಗಿಯುವ ಕೈ, ಆಸ್ಪತ್ರೆಯ ದೂರ



ವೈದ್ಯಕೀಯದ ಒಂದು ವಿಷಯವನ್ನು ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಹೇಳಬೇಕೆಂಬುದು ಈ ದತ್ತಿ ಉಪನ್ಯಾಸದ ನಿಬಂಧನೆ. ಹೃದಯದ ಬಗ್ಗೆಯೋ ಸಕ್ಕರೆ ಕಾಯಿಲೆಯ ಬಗ್ಗೆಯೋ ಕೇಳಲು ಬಂದವರಿಗೆ ಇವತ್ತು ನಿರಾಶೆಯಾದೀತು. ನಾನು ಮಾತಾಡಹೊರಟಿರುವುದು ಒಂದೂವರೆ ಇಂಚು ಅಗಲದ ಒಂದು ಪಟ್ಟಿಯ ಬಗ್ಗೆ. ಕೈಕಾಲಿನಿಂದ ಚಿಮ್ಮುವ ರಕ್ತವನ್ನು ನಿಲ್ಲಿಸಲು ಕಟ್ಟುವ ಟೂರ್ನಿಕೆಟ್ ಅದು.

ರಕ್ತಪರೀಕ್ಷೆಗೆ ಹೋದಾಗ ಲ್ಯಾಬಿನವರು ತೋಳಿಗೊಂದು ರಬ್ಬರ್ ಪಟ್ಟಿ ಬಿಗಿಯುತ್ತಾರಲ್ಲ, ಅದೂ ಟೂರ್ನಿಕೆಟ್ಟೇ. ಕಟ್ಟಿದ ಕೂಡಲೇ ಮೊಣಕೈ ಮಡಿಕೆಯಲ್ಲಿ ನಾಳ ಉಬ್ಬಿ ನಿಲ್ಲುತ್ತದೆ. ಹೃದಯದಿಂದ ಕೈಗೆ ರಕ್ತ ತರುವ ಅಪಧಮನಿ ಆಳದಲ್ಲಿದೆ, ಅದರೊಳಗಿನ ಒತ್ತಡ ಹೆಚ್ಚು. ಕೈಯಿಂದ ಹೃದಯಕ್ಕೆ ರಕ್ತ ಮರಳಿಸುವ ಅಭಿಧಮನಿ ಚರ್ಮದಡಿಯಲ್ಲೇ ಇದೆ, ಅದರ ಒತ್ತಡ ತೀರ ಕಡಿಮೆ. ಲ್ಯಾಬಿನ ಪಟ್ಟಿ ಮುಚ್ಚುವುದು ಎರಡನೆಯದನ್ನು ಮಾತ್ರ. ರಕ್ತ ಬರುವ ದಾರಿ ತೆರೆದೇ ಇರುತ್ತದೆ, ಹೋಗುವ ದಾರಿ ಮುಚ್ಚಿಹೋಗುತ್ತದೆ. ಸೂಜಿ ಚುಚ್ಚುವವರಿಗೆ ಬೇಕಾದದ್ದೂ ಅಷ್ಟೇ. ಆದರೆ ತೊಡೆಯ ಅಪಧಮನಿ ಹರಿದು ಬಿದ್ದವನಿಗೆ ಅಷ್ಟೇ ಬಿಗಿಯಲ್ಲಿ ಕಟ್ಟಿದರೆ ಏನಾದೀತು? ಕಾಲಿಗೆ ರಕ್ತ ನುಗ್ಗುತ್ತಲೇ ಇರುತ್ತದೆ, ಮರಳಲು ದಾರಿ ಕಾಣದೆ ಗಾಯದಿಂದಲೇ ಹೊರಬೀಳುತ್ತದೆ. ಅರೆಬಿಗಿ ಪಟ್ಟಿ ಕಟ್ಟುವುದಕ್ಕಿಂತ ಏನೂ ಕಟ್ಟದಿರುವುದೇ ಮೇಲು. ವಯಸ್ಕರ ಮೈಯಲ್ಲಿರುವುದು ಹೆಚ್ಚುಕಡಿಮೆ ಐದು ಲೀಟರ್ ರಕ್ತ; ತೊಡೆಯ ಅಪಧಮನಿ ಪೂರ್ತಿ ತುಂಡಾದರೆ ಸಾವಿಗೆ ಕೆಲವೇ ನಿಮಿಷ ಸಾಕು.

ಆದ್ದರಿಂದ ಮಾರುಕಟ್ಟೆಯಲ್ಲಿರುವ ಪಟ್ಟಿಗಳಲ್ಲಿ ಯಾವುದನ್ನು ಕೊಳ್ಳಬೇಕು ಎಂದು ಯಾರಾದರೂ ಕೇಳಿದರೆ ನಾನು ಎರಡು ಮರುಪ್ರಶ್ನೆ ಹಾಕುತ್ತೇನೆ. ಅದನ್ನು ಬಿಗಿಯುವ ಕೈ ಯಾರದು? ಅಲ್ಲಿಂದ ಆಪರೇಷನ್ ಥಿಯೇಟರಿಗೆ ಎಷ್ಟು ಹೊತ್ತಿನ ದಾರಿ? ಈ ಎರಡಕ್ಕೆ ಉತ್ತರ ಸಿಗದೆ ಪಟ್ಟಿ ಆರಿಸಲು ಹೊರಡುವುದರಲ್ಲಿ ಅರ್ಥವಿಲ್ಲ.

ಪಟ್ಟಿಯ ಕಥೆ ಹಳೆಯದು. 1674ರಲ್ಲಿ ಬೆಸಾನ್ಸೋಂ ನಗರದ ಮುತ್ತಿಗೆಯ ಹೊತ್ತಿಗೆ ಎತಿಯೆನ್ ಮೊರೆಲ್ ಎಂಬ ಫ್ರೆಂಚ್ ಶಸ್ತ್ರವೈದ್ಯ ಬಟ್ಟೆ ಸುತ್ತಿ, ಅದರೊಳಗೆ ಕೋಲು ತೂರಿಸಿ ತಿರುಚಿ ರಕ್ತ ನಿಲ್ಲಿಸಿದ. ನಮ್ಮ ರೈತರು ಗಾಡಿಗೆ ಹುಲ್ಲು ಹೇರಿ, ಹಗ್ಗದೊಳಗೆ ಗೂಟ ಕೊಟ್ಟು ತಿರುವಿ ಬಿಗಿ ಮಾಡುವುದೂ ಇದೇ ಉಪಾಯದಿಂದ: ಕೈಯಿಂದ ಎಳೆದರೆ ಬಾರದ ಬಿಗಿ ಕೋಲು ತಿರುವಿದರೆ ಬರುತ್ತದೆ. 1718ರಲ್ಲಿ ಪ್ಯಾರಿಸಿನ ಝಾಂ ಲೂಯಿ ಪೆತಿ ಕೋಲಿನ ಜಾಗಕ್ಕೆ ತಿರುಪು ತಂದ. ಕೈ ಬಿಟ್ಟರೂ ಬಿಗಿ ಸಡಿಲಾಗದಂತೆ ಮಾಡಿದ್ದು ಅವನ ಜಾಣ್ಮೆ. ಅನಂತರದ ಶಸ್ತ್ರವೈದ್ಯರು ಎಸ್ಮಾರ್ಕ್, ಕುಶಿಂಗ್. ಮೊದಲನೆಯವನದು 1873ರ ರಬ್ಬರ್ ಪಟ್ಟಿ, ಎರಡನೆಯವನದು 1904ರ ಗಾಳಿ ತುಂಬುವ ಪಟ್ಟಿ. ಇವೆರಡೂ ಆಪರೇಷನ್ ಥಿಯೇಟರಿಗಾಗಿ ಹುಟ್ಟಿದವು, ಅಲ್ಲಿ ಇಂದಿಗೂ ಇವೆ.

ರಣರಂಗದಲ್ಲಿ ಮಾತ್ರ ಪಟ್ಟಿಗೆ ಕೆಟ್ಟ ಹೆಸರು ಬಂತು. ಅದು ಹೇಗೆ ಬಂತು ಎಂಬುದನ್ನು ತುಸು ವಿವರವಾಗಿ ಹೇಳಬೇಕು, ಯಾಕೆಂದರೆ ಆ ಹೆಸರಿನ ನೆರಳು ನಮ್ಮ ವೈದ್ಯಕೀಯ ಶಿಕ್ಷಣದ ಮೇಲೂ ಬಿದ್ದಿದೆ. 1862ರ ಏಪ್ರಿಲ್ 6ರಂದು ಅಮೆರಿಕದ ಅಂತರ್ಯುದ್ಧದ ಶೈಲೋ ಕದನದಲ್ಲಿ ದಕ್ಷಿಣದ ಸೇನಾಪತಿ ಆಲ್ಬರ್ಟ್ ಸಿಡ್ನಿ ಜಾನ್ಸ್ಟನ್ ಅವರ ಬಲ ಮೊಣಕಾಲಿನ ಹಿಂದೆ ಗುಂಡು ಹೊಕ್ಕಿತು. ರಕ್ತ ಬೂಟಿನೊಳಗೆ ಇಳಿಯುತ್ತ ಹೋದದ್ದರಿಂದ ಗಾಯ ಯಾರ ಕಣ್ಣಿಗೂ ಬೀಳಲಿಲ್ಲ. ತಮ್ಮ ಖಾಸಗಿ ವೈದ್ಯನನ್ನು ಅವರೇ ಸ್ವಲ್ಪ ಮೊದಲು ಗಾಯಾಳುಗಳ ಆರೈಕೆಗೆ ಕಳಿಸಿದ್ದರು. ಆ ಗಾಯಾಳುಗಳಲ್ಲಿ ಶತ್ರುಪಕ್ಷದವರೂ ಇದ್ದರು. ಸೇನಾಪತಿ ರಕ್ತ ಬಸಿದು ಸತ್ತರು. ಅವರ ಜೇಬಿನಲ್ಲಿ ಟೂರ್ನಿಕೆಟ್ ಇತ್ತು. ಸಾಧನ ಇದ್ದೂ ಸತ್ತ ಈ ಸಾವನ್ನು ನಾನು ವಿದ್ಯಾರ್ಥಿಗಳಿಗೆ ಹೇಳದೆ ಬಿಡುವುದಿಲ್ಲ. ಪಕ್ಕದಲ್ಲಿದ್ದವರಿಗೆ ಗಾಯ ಹುಡುಕುವುದೂ ಗೊತ್ತಿರಲಿಲ್ಲ, ಜೇಬಿನಲ್ಲಿದ್ದುದನ್ನು ಹಾಕುವುದೂ ಗೊತ್ತಿರಲಿಲ್ಲ.

ಮೊದಲ ಮಹಾಯುದ್ಧದಲ್ಲಿ ಕಷ್ಟ ಬೇರೆ ಥರದ್ದು. ಕಂದಕದಲ್ಲಿ ಪಟ್ಟಿ ಕಟ್ಟಿಸಿಕೊಂಡ ಸೈನಿಕ ಶಸ್ತ್ರವೈದ್ಯನ ಮುಂದೆ ಬರುವಷ್ಟರಲ್ಲಿ ಎಷ್ಟೋ ಗಂಟೆ ಕಳೆದಿರುತ್ತಿತ್ತು, ಕಾಲು ಕೊಳೆತಿರುತ್ತಿತ್ತು. ವೈದ್ಯರ ಕಣ್ಣಿಗೆ ಬೀಳುತ್ತಿದ್ದುದು ಕೊಳೆತ ಕಾಲು. ಪಟ್ಟಿ ಇಲ್ಲದೆ ರಣರಂಗದಲ್ಲೇ ಸತ್ತವರು ಅವರ ಮುಂದೆ ಬರುತ್ತಲೇ ಇರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಹಂಚಿದ್ದು ಬಟ್ಟೆಯ ಪಟ್ಟಿ, ತುದಿಗೊಂದು ಬಕಲ್. ಅದನ್ನು ಎಷ್ಟು ಎಳೆದರೂ ತೊಡೆಯ ಅಪಧಮನಿ ಮುಚ್ಚುವುದಿಲ್ಲ ಎಂದು ವುಲ್ಫ್ ಮತ್ತು ಆಡ್ಕಿನ್ಸ್ ಎಂಬ ಇಬ್ಬರು ಸೇನಾ ವೈದ್ಯರು 1945ರಲ್ಲೇ ಬರೆದರು. ಸೇನೆಯ ಉಗ್ರಾಣ ಓದಲಿಲ್ಲ. ಅದೇ ಪಟ್ಟಿ ವಿಯೆಟ್ನಾಮ್ ದಾಟಿ ಇನ್ನೂ ಎಷ್ಟೋ ದಶಕ ಕಪಾಟಿನಲ್ಲಿ ಉಳಿಯಿತು. ಸಾಧನ ಕೆಟ್ಟದ್ದು, ಸಾಗಣೆ ನಿಧಾನ. ದೋಷ ಮಾತ್ರ ಟೂರ್ನಿಕೆಟ್ ಎಂಬ ಕಲ್ಪನೆಯ ಮೇಲೆಯೇ ಬಿತ್ತು. ಪಟ್ಟಿ ಕಟ್ಟಿದರೆ ಕಾಲು ಹೋಯಿತೆಂದೇ ತಿಳಿಯಿರಿ, ಅದು ಕೊನೆಯ ಉಪಾಯ ಎಂಬ ಪಾಠ ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತ ಬಂತು.

ತಮಾಷೆಯೆಂದರೆ, ಆ ಪಾಠ ಓದಿದ ವೈದ್ಯರೇ ಮೂಳೆ ಶಸ್ತ್ರಚಿಕಿತ್ಸೆಯ ಥಿಯೇಟರಿನಲ್ಲಿ ದಿನಾ ತೊಡೆಗೆ ಗಾಳಿಪಟ್ಟಿ ಕಟ್ಟಿ ಒಂದೂವರೆ, ಎರಡು ಗಂಟೆ ರಕ್ತ ನಿಲ್ಲಿಸಿ ಮಂಡಿಯ ಕೀಲು ಬದಲಾಯಿಸುತ್ತಾರೆ. ಕಾಲು ಎಲ್ಲಿಗೂ ಹೋಗುವುದಿಲ್ಲ. ಈ ಸಭೆಯಲ್ಲೇ ಅಂಥ ಮಂಡಿಯ ಮೇಲೆ ನಡೆದು ಬಂದವರು ಇದ್ದೀರಿ.

ಗಾಳಿ ತಿರುಗಿದ್ದು 1996ರಲ್ಲಿ. ಸೇನಾ ವೈದ್ಯ ಫ್ರಾಂಕ್ ಬಟ್ಲರ್ ಮತ್ತು ಇಬ್ಬರು ಸಂಗಡಿಗರು ಅಮೆರಿಕದ ಸೇನಾ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ದೀರ್ಘ ಲೇಖನ ಬರೆದರು. ಗುಂಡು ಹಾರುತ್ತಿರುವಾಗ ಕೈಕಾಲಿನಿಂದ ಪ್ರಾಣಾಪಾಯದ ರಕ್ತ ಹರಿಯುತ್ತಿದ್ದರೆ ಟೂರ್ನಿಕೆಟ್ಟೇ ಮೊದಲ ಉಪಾಯ, ಕೊನೆಯದಲ್ಲ ಎಂಬುದು ಅವರ ವಾದ. ಇರಾಕ್ ಮತ್ತು ಆಫ್ಘಾನಿಸ್ತಾನದ ಯುದ್ಧಗಳು ಶುರುವಾದ ಮೇಲೆ ಉಗ್ರಾಣದ ಹಳೆಯ ಪಟ್ಟಿಯಿಂದ ಕೆಲಸವಾಗದು ಎಂಬುದು ಎಲ್ಲರಿಗೂ ಮನದಟ್ಟಾಯಿತು. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿರುವ ಸೇನಾ ಶಸ್ತ್ರವೈದ್ಯಕೀಯ ಸಂಶೋಧನಾ ಸಂಸ್ಥೆ ಏಳು ಬಗೆಯ ಪಟ್ಟಿಗಳನ್ನು ಪರೀಕ್ಷೆಗೆ ಇಟ್ಟಿತು. ಸ್ವಯಂಸೇವಕರು ತಮ್ಮ ಕೈಕಾಲಿಗೆ ತಾವೇ ಬಿಗಿದುಕೊಳ್ಳಬೇಕು. ಕೆಳಗಿನ ನಾಡಿಯ ಸದ್ದು ಡಾಪ್ಲರ್ ಯಂತ್ರದಲ್ಲಿ ಪೂರ್ತಿ ನಿಲ್ಲಬೇಕು. 2005ರಲ್ಲಿ ಫಲಿತಾಂಶ ಬಂದಾಗ ಎಲ್ಲರಲ್ಲೂ ಕೆಲಸ ಮಾಡಿದ್ದು ಮೂರೇ: ತಿರುಚುಕಡ್ಡಿಯ ಕ್ಯಾಟ್, ಅದೇ ಬಗೆಯ ಲೋಹದ ಕಡ್ಡಿಯ ಸಾಫ್ಟ್-ಟಿ, ಗಾಳಿ ತುಂಬುವ ಇಎಂಟಿ. ಅಮೆರಿಕದ ಸೇನೆ ಕ್ಯಾಟ್ ಅನ್ನು ಪ್ರತಿ ಸೈನಿಕನ ಕೈಗೆ ಕೊಟ್ಟಿತು.

ಆಮೇಲೆ ಏನಾಯಿತೆಂದು ನೋಡಿದವರು ಅಮೆರಿಕದ ಸೇನಾ ಶಸ್ತ್ರವೈದ್ಯ ಜಾನ್ ಕ್ರಾಗ್, ಬಾಗ್ದಾದಿನ ಇಬ್ನ್ ಸೀನಾ ಆಸ್ಪತ್ರೆಯಲ್ಲಿ. ಇಬ್ನ್ ಸೀನಾ ಎಂದರೆ ಸಾವಿರ ವರ್ಷದ ಹಿಂದಿನ ವೈದ್ಯ ಅವಿಸೆನ್ನಾ. ಅವನ ಹೆಸರಿನ ಆಸ್ಪತ್ರೆಯಿಂದಲೇ ಈ ಲೆಕ್ಕ ಹೊರಬಂದದ್ದು ನನಗೆ ಸುಮ್ಮನೆ ಸಂತೋಷ ಕೊಡುತ್ತದೆ. 2008 ಮತ್ತು 2009ರ ಕ್ರಾಗ್ ಅವರ ಬರಹಗಳಲ್ಲಿ 232 ಗಾಯಾಳುಗಳಿದ್ದಾರೆ, 309 ಕೈಕಾಲುಗಳಿವೆ, 428 ಪಟ್ಟಿಗಳಿವೆ. ಪಟ್ಟಿ ಕಟ್ಟಿದ್ದರಿಂದಲೇ ಕತ್ತರಿಸಬೇಕಾಗಿ ಬಂದ ಕಾಲು ಒಂದೂ ಇಲ್ಲ. ರಕ್ತ ಬಸಿದು ಮೈ ತಣ್ಣಗಾಗಿ ನಾಡಿ ಕುಸಿಯುವ ಮುನ್ನ ಪಟ್ಟಿ ಬಿದ್ದವರಲ್ಲಿ ನೂರಕ್ಕೆ 90 ಮಂದಿ ಉಳಿದರು. ಕುಸಿದ ಮೇಲೆ ಬಿದ್ದವರಲ್ಲಿ ಉಳಿದದ್ದು 10. ಇಷ್ಟು ದೊಡ್ಡ ಅಂತರವನ್ನು ಯಾವ ಹೊಸ ಔಷಧಿಯೂ ಕೊಟ್ಟದ್ದು ನನಗೆ ನೆನಪಿಲ್ಲ.

309 ಕೈಕಾಲಿಗೆ 428 ಪಟ್ಟಿ ಯಾಕೆ ಬೇಕಾಯಿತು ಎಂದು ನಿಮ್ಮಲ್ಲಿ ಲೆಕ್ಕದವರು ಆಗಲೇ ಯೋಚಿಸಿರಬೇಕು. ತೋಳಿಗೆ ಸಾಕಾದದ್ದು ತೊಡೆಗೆ ಸಾಲದು. ಅಂಥ ಕಡೆ ಮೊದಲನೆಯದರ ಪಕ್ಕದಲ್ಲೇ ಇನ್ನೊಂದನ್ನು ಹಾಕಿ ಬಿಗಿಯುತ್ತಾರೆ. ಎರಡು ಸೇರಿ ಅಗಲ ಹೆಚ್ಚಾಗುತ್ತದೆ. ಪಟ್ಟಿ ಆರಿಸುವವರು ಮೊದಲು ನೋಡಬೇಕಾದ ಗುಣವೂ ಅಗಲವೇ. ಅಗಲ ಹೆಚ್ಚಿದಷ್ಟೂ ಕಡಿಮೆ ಒತ್ತಡದಲ್ಲಿ ಅಪಧಮನಿ ಮುಚ್ಚುತ್ತದೆ. ಕಿರಿದಾದಷ್ಟೂ ಹೆಚ್ಚು ಬಿಗಿಯಬೇಕು, ಆ ಬಿಗಿಯಲ್ಲಿ ಅಡಿಯ ನರ ಜಜ್ಜಿಹೋಗುತ್ತದೆ. ತಂತಿ, ಸೆಣಬಿನ ಹುರಿ, ಮೊಬೈಲಿನ ಚಾರ್ಜರ್ ವಯರು ಬೇಡವೆನ್ನುವುದು ಇದಕ್ಕೇ. ಹಾಗೆಂದು ನಾಲ್ಕು ಇಂಚಿನ ಪಟ್ಟಿಯನ್ನು ಕೈಯಿಂದ ತಿರುಚಿ ಬಿಗಿ ಮಾಡಲಾಗದು, ಅದಕ್ಕೆ ಗಾಳಿಯೇ ಬೇಕು. ಒಂದೂವರೆ ಇಂಚು ಎಂಬುದು ಕೈಯ ಶಕ್ತಿಗೂ ನರದ ಕ್ಷೇಮಕ್ಕೂ ನಡುವಿನ ರಾಜಿ.

ಎರಡನೆಯದು ಬಿಗಿ ತರುವ ಬಗೆ. ತಿರುಚುಕಡ್ಡಿ, ಹಲ್ಲುಚಕ್ರ, ಗಾಳಿ ಎಂದು ಮೂರಿವೆ; ಬರೇ ಎಳೆದು ಸುತ್ತುವ ರಬ್ಬರ್ ಪಟ್ಟಿ ನಾಲ್ಕನೆಯದು. ಗಾಳಿಪಟ್ಟಿ ನರಕ್ಕೆ ಅತ್ಯಂತ ಹಿತ, ಆದರೆ ಮುಳ್ಳು ಚುಚ್ಚಿದರೆ ಮುಗಿಯಿತು. ಆಂಬುಲೆನ್ಸಿನಲ್ಲಿ ಇಡಬಹುದು, ಸೈನಿಕನ ಸೊಂಟದಲ್ಲಿ ಬೇಡ. ಹಲ್ಲುಚಕ್ರದ ಪಟ್ಟಿಯಲ್ಲಿ ಬಿಗಿಯನ್ನು ಕೂದಲೆಳೆಯಷ್ಟು ಹೆಚ್ಚಿಸಬಹುದು, ಜಾರುವುದಿಲ್ಲ. ಕೆಸರು ಮೆತ್ತಿದರೆ ಹಲ್ಲು ಹೇಗೆ ವರ್ತಿಸುತ್ತದೆ ಎಂದು ಕೊಳ್ಳುವವರು ತಾವೇ ಪರೀಕ್ಷಿಸಬೇಕು. ರಬ್ಬರ್ ಅಗ್ಗ, ಮಕ್ಕಳ ಸಣ್ಣ ತೋಳಿಗೂ ಒಗ್ಗುತ್ತದೆ. ಆದರೆ ಒಂದೊಂದು ಸುತ್ತಿಗೂ ಒತ್ತಡ ಕೂಡುತ್ತ ಹೋಗುತ್ತದೆ, ಎಷ್ಟಾಯಿತೆಂದು ಸುತ್ತುವವರಿಗೆ ತಿಳಿಯದು. ರಕ್ತದಲ್ಲಿ ಕೈ ನೆನೆದಿದ್ದರೆ ಹಿಡಿತವೂ ಸಿಗದು. ಇವುಗಳಲ್ಲಿ ನನ್ನ ಒಲವು ತಿರುಚುಕಡ್ಡಿಯ ಕಡೆಗೆ. ಕಾರಣ ಸರಳ: ರಕ್ತ ನಿಲ್ಲುವವರೆಗೆ ತಿರುಗಿಸು ಎಂದು ಒಂದೇ ಮಾತಿನಲ್ಲಿ ಕಲಿಸಬಹುದು.

ಒಂದೇ ಕೈಯಲ್ಲಿ ಹಾಕಿಕೊಳ್ಳಲು ಬರಬೇಕೆಂಬುದು ಸೈನಿಕರ ನಿಯಮ. ಇನ್ನೊಂದು ಕೈಯೇ ಗಾಯಗೊಂಡಿರಬಹುದು. ಒಬ್ಬಂಟಿಯಾಗಿ ತೋಟದಲ್ಲಿ ಕೆಲಸ ಮಾಡುವವರಿಗೂ ಇದೇ ನಿಯಮ ಎನ್ನುವುದನ್ನು ಆಮೇಲೆ ಹೇಳುತ್ತೇನೆ.

ಇನ್ನು ನಕಲಿ ಮಾಲು. ಅಸಲಿ ಕ್ಯಾಟ್ ಅಮೆರಿಕದಲ್ಲಿ ಸುಮಾರು 30 ಡಾಲರ್. ನೋಡಲು ಹಾಗೇ ಇರುವುದು ಆನ್‌ಲೈನಿನಲ್ಲಿ ಅದರ ಕಾಲುಭಾಗಕ್ಕೂ ಕಡಿಮೆಗೆ ಸಿಗುತ್ತದೆ. ಹೊಲಿಗೆ ಅದೇ, ಬಣ್ಣ ಅದೇ, ಅಚ್ಚೊತ್ತಿದ ಅಕ್ಷರವೂ ಅದೇ. ಕಡ್ಡಿ ಮಾತ್ರ ತಿರುಗಿಸುವಾಗ ಬಾಗಬಹುದು, ಮುರಿಯಬಹುದು. ಉಕ್ರೇನಿನ ಯುದ್ಧದಲ್ಲಿ ಜನ ಚಂದಾ ಎತ್ತಿ ಕೊಂಡುಕೊಟ್ಟ ಪಟ್ಟಿಗಳಲ್ಲಿ ಇಂಥವೂ ಸೇರಿಕೊಂಡಿದ್ದವು. ಔಷಧಿ ನಕಲಿಯಾದರೆ ರೋಗಿ ಇನ್ನೊಂದು ಅಂಗಡಿಗೆ ಹೋಗುವಷ್ಟಾದರೂ ಸಮಯ ಇದ್ದೀತು. ಇಲ್ಲಿ ಅದೂ ಇಲ್ಲ. ಅಧಿಕೃತ ಮಾರಾಟಗಾರರಿಂದ ಕೊಳ್ಳಿ, ಪ್ಲಾಸ್ಟಿಕ್ಕನ್ನು ಬಿಸಿಲಿನಲ್ಲಿ, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಡಬೇಡಿ. ಇಷ್ಟು ಹೇಳಿ ಮುಂದೆ ಹೋಗುತ್ತೇನೆ.

ಈಗ ಕೈಯ ಪ್ರಶ್ನೆ. 2013ರ ಏಪ್ರಿಲ್ 15ರಂದು ಬಾಸ್ಟನ್ ಮ್ಯಾರಥಾನ್ ಓಟದ ಕೊನೆಯ ಗೆರೆಯ ಬಳಿ ಬಾಂಬು ಸಿಡಿದಾಗ ಸ್ಥಳದಲ್ಲಿ 27 ಟೂರ್ನಿಕೆಟ್ ಕಟ್ಟಿದರು. ಎಲ್ಲವೂ ಅಲ್ಲೇ ಕೈಗೆ ಸಿಕ್ಕಿದ್ದರಲ್ಲಿ ಕಟ್ಟಿದವು, ಕಾರ್ಖಾನೆಯಲ್ಲಿ ತಯಾರಾದದ್ದು ಒಂದೂ ಇರಲಿಲ್ಲ. ಜಗತ್ತಿನ ಅತ್ಯುತ್ತಮ ಆಸ್ಪತ್ರೆಗಳಿರುವ ನಗರದಲ್ಲಿ ಹೀಗೆ. ಹಲವು ಪಟ್ಟಿಗಳು ನಾನು ಮೊದಲು ಹೇಳಿದ ಅರೆಬಿಗಿಯವು. ಆ ಘಟನೆಯ ಬೆನ್ನಿಗೆ ಅಲ್ಲಿ ಸಾಮಾನ್ಯರಿಗೆ ರಕ್ತ ನಿಲ್ಲಿಸಲು ಕಲಿಸುವ ಆಂದೋಲನ ಹುಟ್ಟಿತು, 2015ರಲ್ಲಿ ಅದಕ್ಕೆ ಸರ್ಕಾರದ ಬೆಂಬಲ ಬಂತು. ಕ್ರೀಡಾಂಗಣದ 465 ನೌಕರರ ಮೇಲೆ ನಡೆದ ಒಂದು ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಏನೂ ಕಲಿಯದವರಲ್ಲಿ ನೂರಕ್ಕೆ 16 ಮಂದಿ ಸರಿಯಾಗಿ ಕಟ್ಟಿದರು, ತರಗತಿಯಲ್ಲಿ ಕಲಿತವರಲ್ಲಿ ಸುಮಾರು 88 ಮಂದಿ. ಮೂರರಿಂದ ಒಂಬತ್ತು ತಿಂಗಳು ಬಿಟ್ಟು ಮತ್ತೆ ಪರೀಕ್ಷಿಸಿದಾಗ ಅವರಲ್ಲಿ ನೆನಪಿದ್ದದ್ದು ಅರ್ಧಕ್ಕಿಂತ ತುಸು ಹೆಚ್ಚು ಜನಕ್ಕೆ. ಈ ಕೊನೆಯ ಅಂಕಿ ನನ್ನನ್ನು ಕಾಡುತ್ತದೆ. ನಮ್ಮಲ್ಲಿ ಯಾವುದಾದರೂ ಇಲಾಖೆ ಸಾವಿರ ಪಟ್ಟಿ ಕೊಂಡು ಒಂದು ದಿನದ ಕಾರ್ಯಾಗಾರ ನಡೆಸಿ ಫೋಟೊ ತೆಗೆಸಿದರೆ ವರ್ಷದೊಳಗೆ ಅರ್ಧ ಹಣ ನೀರುಪಾಲು. ಆದ್ದರಿಂದ ಒಂದು ಜಿಲ್ಲೆಯ ಆಂಬುಲೆನ್ಸ್, ಪೊಲೀಸ್ ಜೀಪು, ಅಗ್ನಿಶಾಮಕ ವಾಹನ, ಎಲ್ಲದರಲ್ಲೂ ಒಂದೇ ಬಗೆಯ ಪಟ್ಟಿ ಇರಬೇಕು. ಉತ್ತಮವಾದ ಮೂರು ಬಗೆಗಿಂತ ಎಲ್ಲರ ಕೈ ಪಳಗಿದ ಒಂದು ಬಗೆ ಮೇಲು.

ಪಟ್ಟಿ ಇಲ್ಲದ ಕಡೆ? ಗಾಯದ ಮೇಲೆ ಬಟ್ಟೆಯಿಟ್ಟು ಮೈಭಾರವೆಲ್ಲ ಹಾಕಿ ಒತ್ತುವುದೇ ಮೊದಲು. ಬಹುಪಾಲು ರಕ್ತಸ್ರಾವ ಅದಕ್ಕೇ ನಿಲ್ಲುತ್ತದೆ. ನಿಲ್ಲದಿದ್ದರೆ ಎರಡು ಇಂಚು ಅಗಲಕ್ಕೆ ಮಡಿಸಿದ ಟವೆಲ್ಲು ಅಥವಾ ದುಪಟ್ಟಾ, ಜೊತೆಗೆ ಮುರಿಯದ ಕೋಲು. ಪೆನ್ನು ಮುರಿಯುತ್ತದೆ. ಸಿನಿಮಾದಲ್ಲಿ ನಾಯಕ ಬಳಸುವ ಸೊಂಟದ ಬೆಲ್ಟು ದಪ್ಪ, ತಿರುಚಲು ಬಗ್ಗದು. ಗಾಯಕ್ಕಿಂತ ಎರಡು ಮೂರು ಇಂಚು ಮೇಲೆ ಕಟ್ಟಬೇಕು, ಕೀಲಿನ ಮೇಲೆ ಕಟ್ಟಬಾರದು. ತೊಡೆಸಂದು, ಕಂಕುಳು, ಕುತ್ತಿಗೆಗಳಿಗೆ ಪಟ್ಟಿ ಹಿಡಿಯುವುದೇ ಇಲ್ಲ. ಅಲ್ಲಿ ಗಾಯದೊಳಕ್ಕೆ ಬಟ್ಟೆ ತುರುಕಿ ಒತ್ತಬೇಕು. ಪಟ್ಟಿ ಬಿಗಿದ ಮೇಲೆ ಗಾಯಾಳು ನೋವಿಗೆ ಕಿರುಚುತ್ತಾನೆ, ಸಡಿಲಿಸಿ ಎಂದು ಬೇಡುತ್ತಾನೆ. ನೋವು ಬಂತೆಂದರೆ ಬಿಗಿ ಬಂದಿದೆ ಎಂದರ್ಥ, ಸಡಿಲಿಸಬಾರದು. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಪಟ್ಟಿ ಬಿಚ್ಚಿ ರಕ್ತ ಹರಿಯಲು ಬಿಡಬೇಕೆಂದು ಹಳೆಯ ಪ್ರಥಮ ಚಿಕಿತ್ಸೆಯ ಪುಸ್ತಕಗಳಲ್ಲಿದೆ. ಆ ಪುಟ ಹರಿದುಹಾಕಿ. ಒಂದೊಂದು ಸಲ ಬಿಚ್ಚಿದಾಗಲೂ ಇನ್ನಷ್ಟು ರಕ್ತ ಹೋಗಿ, ಕಾಲು ಉಳಿಸಲು ಹೊರಟವರು ಆಳನ್ನೇ ಕಳೆದುಕೊಳ್ಳುತ್ತಾರೆ.

ಎರಡನೆಯ ಪ್ರಶ್ನೆ ದೂರದ್ದು. ಆಫ್ಘಾನಿಸ್ತಾನದಲ್ಲಿ 2009ರಿಂದ ಗಾಯಾಳುವನ್ನು ಅರವತ್ತು ನಿಮಿಷದೊಳಗೆ ಹೆಲಿಕಾಪ್ಟರಿನಲ್ಲಿ ಸಾಗಿಸಬೇಕೆಂಬ ಆಜ್ಞೆ ಇತ್ತು. ಅಲ್ಲಿ ಪಟ್ಟಿ ಬೇಕಿತ್ತೋ ಬೇಡವೋ ಎಂದು ಯೋಚಿಸುತ್ತ ನಿಲ್ಲಬೇಕಿರಲಿಲ್ಲ. ತೊಡೆಯ ಬುಡಕ್ಕೆ ಬಿಗಿ, ಕಳಿಸು. ಗಂಟೆಯೊಳಗೆ ಶಸ್ತ್ರವೈದ್ಯ ಬಿಚ್ಚುತ್ತಾನೆ. ಅದೇ ಪಾಠವನ್ನು 2022ರ ನಂತರದ ಉಕ್ರೇನಿಗೆ ಒಯ್ದಾಗ ಎಡವಟ್ಟಾಯಿತು. ತಲೆಯ ಮೇಲೆ ಡ್ರೋನುಗಳಿರುವಾಗ ಹೆಲಿಕಾಪ್ಟರ್ ಬರುವುದಿಲ್ಲ, ಕತ್ತಲಾಗುವವರೆಗೆ ಆಂಬುಲೆನ್ಸೂ ಬರುವುದಿಲ್ಲ. ಒತ್ತಿ ಕಟ್ಟಿದರೆ ಸಾಕಾಗುತ್ತಿದ್ದ ಗಾಯಕ್ಕೂ ತೊಡೆಯ ಬುಡದಲ್ಲಿ ಪಟ್ಟಿ, ಅದು ಇಡೀ ದಿನ ಹಾಗೇ. ಎರಡು ಗಂಟೆಯವರೆಗೆ ಸ್ನಾಯು ತಡೆಯುತ್ತದೆ. ಆರು ಗಂಟೆ ದಾಟಿದರೆ ಸಾಯತೊಡಗಿದ ಸ್ನಾಯುವಿನಲ್ಲಿ ಪೊಟ್ಯಾಸಿಯಂ, ಆಮ್ಲ, ಮಯೋಗ್ಲೋಬಿನ್ ತುಂಬಿಕೊಂಡಿರುತ್ತವೆ; ಪಟ್ಟಿ ಬಿಚ್ಚಿದೊಡನೆ ಅವೆಲ್ಲ ಒಮ್ಮೆಗೇ ಹೃದಯಕ್ಕೂ ಮೂತ್ರಪಿಂಡಕ್ಕೂ ನುಗ್ಗುತ್ತವೆ. ಹಾಗಾಗಿ ಈಗಿನ ನಿಯಮ ಹೀಗಿದೆ: ಅಪಾಯದ ಜಾಗದಿಂದ ಆಚೆ ಬಂದ ಕೂಡಲೇ, ಎರಡು ಗಂಟೆಯೊಳಗೆ, ತರಬೇತಿ ಪಡೆದವರು ಗಾಯವನ್ನು ಮತ್ತೆ ನೋಡಬೇಕು, ಗಾಯಾಳುವಿನ ನಾಡಿ ಕುಸಿದಿರದಿದ್ದರೆ ಗಾಯಕ್ಕೆ ಬಟ್ಟೆ ತುರುಕಿ ಒತ್ತುಕಟ್ಟು ಹಾಕಿ, ಪಟ್ಟಿಯನ್ನು ಮೆಲ್ಲಗೆ ಸಡಿಲಿಸಿ ನೋಡಬೇಕು. ಆರು ಗಂಟೆ ದಾಟಿದ್ದನ್ನು ಆಸ್ಪತ್ರೆಯ ಹೊರಗೆ ಮುಟ್ಟಬಾರದು. ಇದು ಪುಸ್ತಕದ ಹಳೆಯ ಸಡಿಲಿಸುವಿಕೆಯಲ್ಲ. ಅಲ್ಲಿ ಬರೇ ಬಿಚ್ಚುತ್ತಿದ್ದರು, ಇಲ್ಲಿ ಪಟ್ಟಿಯ ಕೆಲಸವನ್ನು ಇನ್ನೊಂದಕ್ಕೆ ವಹಿಸಿ ಬಿಚ್ಚುತ್ತಾರೆ. ಇದಕ್ಕೆಲ್ಲ ಆಧಾರ ಪಟ್ಟಿ ಬಿದ್ದ ಸಮಯ. ಕ್ಯಾಟ್‌ನ ಮೇಲೆ ಸಮಯ ಬರೆಯಲೆಂದೇ ತುಂಡೊಂದಿದೆ. ಅದು ಖಾಲಿಯಾಗಿ ಬಂದರೆ ಶಸ್ತ್ರವೈದ್ಯ ಕುರುಡ.

ನಮ್ಮ ನಾಡಿನಲ್ಲಿ ಈ ಎರಡೂ ಥರದ ದೂರಗಳಿವೆ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯೊಳಗೆ ಗಂಟೆಯಲ್ಲಿ ಶಸ್ತ್ರವೈದ್ಯ ಸಿಗಬಹುದು. ಘಟ್ಟದ ಮೇಲಿನ ಅಡಿಕೆ ತೋಟದಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಅಲಗು ಕಾಲಿಗೆ ಬಿದ್ದರೆ, ಮಳೆಗಾಲದಲ್ಲಿ, ಹತ್ತಿರದ ಆಸ್ಪತ್ರೆಯಲ್ಲಿ ರಕ್ತನಾಳ ಹೊಲಿಯುವವರು ಇಲ್ಲದಾಗ, ಎರಡು ಗಂಟೆ ಎಂಬುದು ತುಂಬ ಬೇಗ ಮುಗಿಯುತ್ತದೆ. ಆ ಯಂತ್ರ ಹಿಡಿದು ತೋಟಕ್ಕೆ ಇಳಿಯುವವರ ಸೊಂಟದಲ್ಲಿ ಒಂದೇ ಕೈಯಲ್ಲಿ ಹಾಕಿಕೊಳ್ಳಬಹುದಾದ ಪಟ್ಟಿ ಇರಬೇಕು, ದಾರಿಯ ಮೊದಲ ಸರ್ಕಾರಿ ಆಸ್ಪತ್ರೆಯಲ್ಲಿ ಅದನ್ನು ಒತ್ತುಕಟ್ಟಿಗೆ ಬದಲಾಯಿಸಬಲ್ಲ ನರ್ಸ್ ಇರಬೇಕು. ಎರಡನೆಯದಿಲ್ಲದೆ ಮೊದಲನೆಯದನ್ನು ಮಾತ್ರ ಹಂಚುವುದು ಅರ್ಧ ಕೆಲಸ. 2008ರ ನವೆಂಬರ್ 1ರಂದು ಶುರುವಾದ 108 ಆರೋಗ್ಯ ಕವಚ ಆಂಬುಲೆನ್ಸ್ ಸೇವೆ ನಮ್ಮಲ್ಲಿದೆ. ರಸ್ತೆಯಲ್ಲಿ ಬಿದ್ದವರಿಗೆ ನೆರವಾದವರನ್ನು ಪೊಲೀಸ್ ಠಾಣೆ, ಕೋರ್ಟು ಎಂದು ಅಲೆಸಬಾರದೆಂಬ ರಕ್ಷಣೆ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಲ್ಲಿದೆ. ಕಾನೂನಿನ ಭಯದಿಂದ ಕೈಕಟ್ಟಿ ನಿಲ್ಲಲು ಈಗ ನೆಪವಿಲ್ಲ.

ಒಂದು ಎಚ್ಚರಿಕೆ ಕೊಡದೆ ಈ ವೇದಿಕೆಯಿಂದ ಇಳಿಯಲಾರೆ. ನಮ್ಮ ಹಳ್ಳಿಗಳಲ್ಲಿ ಪಟ್ಟಿ ಕಟ್ಟುವ ಅಭ್ಯಾಸ ಇದೆ, ಕಟ್ಟಬಾರದ ಕಡೆ ಇದೆ. ಹಾವು ಕಚ್ಚಿದೊಡನೆ ವಿಷ ಮೇಲೇರದಿರಲೆಂದು ಹಗ್ಗವೋ ಬಟ್ಟೆಯೋ ಬಿಗಿಯುತ್ತಾರೆ. ಕೊಳಕುಮಂಡಲದ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಲ್ಲುತ್ತದೆ. ಕಟ್ಟು ಬಿಗಿದರೆ ವಿಷವೆಲ್ಲ ಅಲ್ಲೇ ನಿಂತು ಕಾಲು ಇನ್ನೂ ಬೇಗ ಹಾಳಾಗುತ್ತದೆ. ನಾಗರಹಾವಿನದಾದರೆ, ಆಸ್ಪತ್ರೆಯಲ್ಲಿ ಕಟ್ಟು ಬಿಚ್ಚಿದ ಗಳಿಗೆಯಲ್ಲಿ ವಿಷ ಒಮ್ಮೆಲೇ ಹರಡಿ ಉಸಿರು ನಿಲ್ಲಬಹುದು. ಹಾವು ಕಚ್ಚಿದರೆ ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ. ಮೂಳೆ ಮುರಿದವರಿಗೆ ಮಾಡುವಂತೆ ಕೈಕಾಲು ಅಲುಗಾಡದಂತೆ ಆಧಾರ ಕೊಟ್ಟು ಪ್ರತಿವಿಷ ಇರುವ ಆಸ್ಪತ್ರೆಗೆ ಒಯ್ಯಿರಿ. ಯಾರಾದರೂ ಆಗಲೇ ಕಟ್ಟಿದ್ದರೆ ದಾರಿಯಲ್ಲಿ ಬಿಚ್ಚಬೇಡಿ, ವೈದ್ಯರ ಎದುರು ಬಿಚ್ಚಿಸಿ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿದೆ. ಆ ವರದಿಯಲ್ಲಿ ಕಟ್ಟು ಬಿಗಿದು ತಂದಿದ್ದರೇ ಎಂಬ ಅಂಕಣವೂ ಇದ್ದರೆ, ಯಾವ ತಾಲ್ಲೂಕಿನಲ್ಲಿ ಯಾರಿಗೆ ಏನು ಕಲಿಸಬೇಕೆಂದು ಗೊತ್ತಾದೀತು.

ಹೊರಗಿನ ಮೇಜಿನ ಮೇಲೆ ಕೆಲವು ನೀಲಿ ಬಣ್ಣದ ಪಟ್ಟಿಗಳನ್ನು ಇಟ್ಟಿದ್ದೇವೆ. ನೀಲಿ ಎಂದರೆ ಅಭ್ಯಾಸಕ್ಕೆ ಮಾತ್ರ, ನಿಜವಾದ ಗಾಯಕ್ಕೆ ಅವನ್ನು ಬಳಸಕೂಡದು. ಎಳೆದು ತಿರುಚಿ ಅವುಗಳ ಬಲ ಹೋಗಿರುತ್ತದೆ. ಚಹಾ ಕುಡಿಯುವ ಮುನ್ನ ಒಬ್ಬೊಬ್ಬರೂ ಒಂದೇ ಕೈಯಲ್ಲಿ ಹಾಕಿಕೊಂಡು, ಮಣಿಕಟ್ಟಿನ ನಾಡಿ ನಿಲ್ಲುವವರೆಗೆ ತಿರುಗಿಸಿ, ಕೂಡಲೇ ಬಿಚ್ಚಿ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರು, ಡಯಾಲಿಸಿಸ್‌ಗೆ ತೋಳಿನಲ್ಲಿ ನಾಳ ಮಾಡಿಸಿಕೊಂಡವರು ಸುಮ್ಮನೆ ನೋಡಿದರೆ ಸಾಕು. ನಾಡಿ ನಿಲ್ಲಲು ಎಷ್ಟು ಸುತ್ತು ಬೇಕಾಯಿತೆಂದು ಅಲ್ಲಿರುವ ಪುಸ್ತಕದಲ್ಲಿ ಬರೆಯಿರಿ, ಹೆಸರು ಬೇಡ.